ಅಂದಾಜಿನ ಪುಸ್ತಕ

ಅಪ್ಪ ರೇಷ್ಮೆ ಗೂಡಿನ ರಾಶಿಯೊಳಗೆ ಮಣಿಕಟ್ಟು ಮುಳುಗುವಷ್ಟು ಕೈ ಇಳಿಸಿ ಕಣ್ಣು ಮುಚ್ಚುತ್ತಿದ್ದ. ಎರಡು ಉಸಿರು ಎಳೆದು ಬಿಡುವಷ್ಟು ಹೊತ್ತು. ಆಮೇಲೆ ತಳದಿಂದ ಒಂದು ಹಿಡಿ ಎತ್ತಿ, ಒಂದನ್ನು ಹೆಬ್ಬೆರಳಿನಿಂದ ಅದುಮಿ, ಇನ್ನೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಎಲ್ಲವನ್ನೂ ರಾಶಿಗೇ ಸುರಿದು ಮುಂದಕ್ಕೆ ನಡೆಯುತ್ತಿದ್ದ. ಅಷ್ಟರೊಳಗೆ ಆ ರಾಶಿಗೆ ಎಷ್ಟಕ್ಕೆ ಕೂಗಬೇಕು, ಕೂಗಬೇಕೋ ಬೇಡವೋ ಎನ್ನುವುದು ತೀರ್ಮಾನವಾಗಿರುತ್ತಿತ್ತು.

ಇದು 1960–70ರ ದಶಕಗಳ ರಾಮನಗರ. ಕನಕಪುರ, ಮಾಗಡಿ, ಚನ್ನಪಟ್ಟಣ, ಮದ್ದೂರು ಕಡೆಯ ರೈತರು ಬೆಳಕು ಹರಿಯುವ ಮುಂಚೆಯೇ ಗೂಡಿನ ಮೂಟೆ ಹೊತ್ತು ಸರ್ಕಾರಿ ಮಾರುಕಟ್ಟೆಗೆ ಬಂದಿಳಿಯುತ್ತಿದ್ದರು. ಕರ್ನಾಟಕದಲ್ಲಿ ಗೂಡು ಮಾರಾಟಕ್ಕೆ 1959ರಿಂದಲೇ ಕಾನೂನಿದೆ. ರೈತ ಗೂಡನ್ನು ತಂದು ಮಾರುಕಟ್ಟೆಯಲ್ಲೇ ಹರವಬೇಕಿತ್ತು, ನೂಲು ಬಿಚ್ಚುವ, ಲೈಸೆನ್ಸ್ ಇರುವ, ನಮ್ಮಪ್ಪನಂಥ ರೀಲರ್ ಹರಾಜಿನಲ್ಲೇ ಕೂಗಿ ಕೊಳ್ಳಬೇಕಿತ್ತು. ಹತ್ತು ವಯಸ್ಸು ತುಂಬುವವರೆಗೆ ನಾನು ಮೂರ್ನಾಲ್ಕು ಸಲ ಅಪ್ಪನ ಬೆರಳು ಹಿಡಿದು ಆ ಗದ್ದಲದೊಳಗೆ ಹೋಗಿದ್ದೇನೆ. ಆಮೇಲೆ ಹೆಣ್ಣುಮಗು ಅಲ್ಲಿಗೆ ಬರುವಂತಿರಲಿಲ್ಲ. ಹಳದಿ ಗೂಡಿನ ರಾಶಿಗಳ ನಡುವೆ ನಿಂತಾಗ ಕೆನ್ನೆಗೆ ತಾಗುತ್ತಿದ್ದ ಸಣ್ಣ ಬಿಸಿ ಮಾತ್ರ ಇನ್ನೂ ನೆನಪಿದೆ. ಗೂಡಿನೊಳಗೆ ಉಸಿರಾಡುವ ಜೀವಗಳ ಬಿಸಿ ಅದು.

ಆ ಜೀವ ಇರುವುದರಿಂದಲೇ ಅಲ್ಲಿ ಯಾರಿಗೂ ನಿಧಾನಿಸಲು ಪುರುಸೊತ್ತಿಲ್ಲ. ನೂಲು ಸುತ್ತಿಕೊಂಡ ಹುಳು ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬಂದುಬಿಡುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬಿಚ್ಚಲಾಗದು. ರೈತ ಐದಾರನೇ ದಿನಕ್ಕೆ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಬಿಡಿಸಿ ತರುತ್ತಾನೆ. ಕೊಂಡವನು ಕೂಡಲೇ ಒಯ್ದು ಆವಿಯಲ್ಲೋ ಬಿಸಿಗಾಳಿಯಲ್ಲೋ ಒಳಗಿನ ಜೀವ ಆರಿಸಬೇಕು. ಹೀಗಾಗಿ ಬೆಳಗಿನ ಒಂದೆರಡು ಗಂಟೆಯಲ್ಲಿ ಹತ್ತಾರು ರಾಶಿ ನೋಡಬೇಕು, ಕೂಗಬೇಕು, ಬಿಡಬೇಕು. ಗೂಡಿನ ಸಿಪ್ಪೆ ಎಷ್ಟು ದಪ್ಪ, ಒಳಗೆ ಎಷ್ಟು ಸತ್ತಿವೆ, ಎಳೆ ಎಲ್ಲೆಲ್ಲಿ ಕಡಿಯುತ್ತದೆ ಎಂಬುದನ್ನೆಲ್ಲ ಹೊರಗಿನಿಂದ ತಿಳಿಯಬೇಕು. ಅಪ್ಪನಿಗೆ ಇದ್ದದ್ದು ಒಂದು ಕೈ, ಒಂದು ಕಿವಿ.

ರೈತನ ಮುಖವನ್ನು ಅಪ್ಪ ನೋಡುತ್ತಿರಲಿಲ್ಲ. ಮಾತಾಡಿಸುವವರನ್ನೂ ತಡೆದು, "ತಡಿಯಣ್ಣ, ಮೊದಲು ಗೂಡು ಮಾತಾಡ್ಲಿ" ಎನ್ನುತ್ತಿದ್ದ.

ಮಾರುಕಟ್ಟೆಯಿಂದ ನನ್ನನ್ನು ಬಿಡಿಸಿದ ಮೇಲೆ ನನ್ನ ಜಾಗ ಮನೆಯ ಹಿಂದಿನ ಹೆಂಚಿನ ಕೊಟ್ಟಿಗೆಯಾಯಿತು. ಅಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವ ನಮ್ಮ ಕಾಟೇಜ್ ಬೇಸಿನ್‌ಗಳಿದ್ದವು. ಒಲೆಯ ಹೊಗೆ, ಬೆಂದ ಹುಳುವಿನ ವಾಸನೆ, ಬಿಸಿನೀರಿನಲ್ಲಿ ಮುಳುಗಿ ಮುಳುಗಿ ಬೆಳ್ಳಗೆ ಸುಲಿದುಹೋದ ಹೆಂಗಸರ ಬೆರಳುಗಳು. ಒಂದು ಗೂಡಿನಲ್ಲಿ ನಾನೂರು ಐನೂರು ಮೀಟರ್ ಎಳೆ ಇರುತ್ತದೆ. ಏಳೆಂಟು ಗೂಡಿನ ಎಳೆ ಕೂಡಿಸಿ ಒಂದು ನೂಲು. ಎಷ್ಟು ಕೆ.ಜಿ. ಗೂಡಿಗೆ ಒಂದು ಕೆ.ಜಿ. ನೂಲು ಬಂತು ಎನ್ನುವ ಲೆಕ್ಕಕ್ಕೆ ರೆಂಡಿಟ್ಟ ಎನ್ನುತ್ತಾರೆ. ಒಂಬತ್ತಕ್ಕೆ ಬಂದರೆ ಮನೆಯಲ್ಲಿ ನಗು, ಹನ್ನೊಂದಕ್ಕೆ ಹೋದರೆ ಮೌನ. ರೀಲರ್ ಮನೆಯ ಮಕ್ಕಳಿಗೆ ಈ ಒಂದು ಅಂಕಿ ಅಪ್ಪನ ಮುಖದಲ್ಲೇ ಓದಲು ಬರುತ್ತದೆ.

ನನ್ನ ಕೆಲಸ ಲೆಕ್ಕ ಬರೆಯುವುದು. ತಾರೀಕು, ಗೂಡಿನ ತೂಕ, ದರ, ಕೂಲಿ, ಬಂದ ನೂಲು. ಹನ್ನೆರಡನೇ ವಯಸ್ಸಿಗೆ, 1970ರಲ್ಲಿ, ಆ ಪುಸ್ತಕ ನನ್ನ ಕೈಗೆ ಬಂತು. ಒಂದು ದಿನ ಆಟಕ್ಕೆಂದು ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದೆ. ಅಪ್ಪ ಗೂಡು ತಂದು ಇಳಿಸುವಾಗಲೇ ಕೇಳುವುದು: "ಎಷ್ಟಪ್ಪಾ ಬೀಳ್ತದೆ?"

"ಒಂಬತ್ತೂಕಾಲು ಹಾಕ್ಕೊ."

ಅದನ್ನು ಹೊಸ ಕಾಲಂನಲ್ಲಿ ಬರೆಯುವುದು. ಮೂರು ದಿನದ ಮೇಲೆ ಆ ರಾಶಿ ಪೂರ್ತಿ ಬಿಚ್ಚಿ ಮುಗಿದಾಗ ಪಕ್ಕದಲ್ಲಿ ನಿಜವಾಗಿ ಬಂದದ್ದನ್ನು ಬರೆಯುವುದು. ಒಂಬತ್ತೂಕಾಲು ಅಂದದ್ದು ಒಂಬತ್ತೂವರೆಯಾಗಿರುತ್ತಿತ್ತು. ಹತ್ತು ಅಂದದ್ದು ಹತ್ತೇ ಆಗಿರುತ್ತಿತ್ತು. ಕೆಲವು ಸಲ ಒಂದೂವರೆಯಷ್ಟು ತಪ್ಪುತ್ತಿತ್ತು. ಆಗ ಅಪ್ಪ ಬೇಸಿನ್ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಬಿಚ್ಚದೆ ಉಳಿದ ಗೂಡುಗಳನ್ನು ನೀರಿನಿಂದ ಎತ್ತಿ, ಬ್ಲೇಡಿನಿಂದ ಸೀಳಿ ಒಳಗೆ ನೋಡುತ್ತಿದ್ದ. ಎಷ್ಟೋ ಹೊತ್ತು ನೋಡುತ್ತಿದ್ದ. ನಾನಾಗ ಅದನ್ನು ಅಪ್ಪನ ಬೇಸರ ಎಂದುಕೊಂಡಿದ್ದೆ. ಕೈ ಪಾಠ ಓದುತ್ತಿತ್ತು ಎಂದು ತಿಳಿಯಲು ನನಗೆ ಮೂವತ್ತೈದು ವರ್ಷ ಬೇಕಾಯಿತು.

1976ರ ಆಷಾಢದ ಒಂದು ಬೆಳಗ್ಗೆ ಮಾರುಕಟ್ಟೆಯಲ್ಲಿ ಒಂದು ರಾಶಿಗೆ ಎಲ್ಲರೂ ಮುಗಿಬಿದ್ದರಂತೆ. ಮಳೆಗಾಲದ ಸೊರಗಿದ ಗೂಡುಗಳ ನಡುವೆ ಅದೊಂದು ಚಿನ್ನದ ಬಣ್ಣಕ್ಕೆ ಹೊಳೆಯುತ್ತಿತ್ತಂತೆ. ಅಪ್ಪ ಕೈ ಇಳಿಸಿ, ತೆಗೆದು, ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಬಂದುಬಿಟ್ಟ. ಜೊತೆಗಿದ್ದ ನಮ್ಮ ಚಿಕ್ಕಪ್ಪ ಸಂಜೆಯವರೆಗೆ ಗೊಣಗಿದರು. ಮಳೆಯಲ್ಲಿ ಗೂಡು ಸಿಗುವುದೇ ಕಷ್ಟ, ಕೈಗೆ ಬಂದದ್ದು ಬಿಟ್ಟಿರಲ್ಲ ಎಂದು. ಎರಡು ದಿನ ಕಳೆದ ಮೇಲೆ, ಆ ಗೂಡು ಕೊಂಡವರ ಬೇಸಿನ್‌ನಲ್ಲಿ ನೀರು ಕಂದುಬಣ್ಣಕ್ಕೆ ತಿರುಗಿ, ನೂಲೆಲ್ಲ ಕರೆಗಟ್ಟಿದ ಸುದ್ದಿ ನಮ್ಮ ಬೀದಿಗೆ ಬಂತು. ಹಾಲುತೊಂಡೆ ರೋಗ ತಗುಲಿದ ಹುಳುಗಳು ಹೇಗೋ ಗೂಡು ಕಟ್ಟಿ ಒಳಗೇ ಸತ್ತು ಕರಗಿದ್ದವು.

"ಅದೆಂಗಪ್ಪ ಗೊತ್ತಾಯ್ತು ನಿಂಗೆ?"

"ನಂಗೆಲ್ಲವ್ವ ಗೊತ್ತಾಯ್ತು, ಕೈಗೆ ಗೊತ್ತಾಯ್ತು."

ನಾನು ಬಿಡಲಿಲ್ಲ. ಊಟಕ್ಕೆ ಕೂತಾಗ ಕೇಳಿದೆ, ಮಲಗುವಾಗ ಕೇಳಿದೆ. ಅಪ್ಪ ಚಾಪೆಯ ಮೇಲೆ ಮಲಗಿ ಹೆಂಚಿನ ಸಂದು ನೋಡುತ್ತಾ ಒಂದೊಂದೇ ಹೊರಗೆ ತೆಗೆದ. ರಾಶಿಯ ಒಳಗೆ ಇರಬೇಕಾದ ಬಿಸಿ ಇರಲಿಲ್ಲ. ಅಲ್ಲಾಡಿಸಿದರೆ ಒಳಗಿನ ಕೋಶ ಲೊಟಲೊಟ ಅನ್ನಬೇಕು, ಅದು ಸೊಲ್ಲೆತ್ತಲಿಲ್ಲ. ಬೆರಳಿಗೆ ಏನೋ ಅಂಟು. ಅಷ್ಟು ಹೇಳಿ, ಅವನೇ ಆಶ್ಚರ್ಯಪಟ್ಟವನ ಹಾಗೆ, "ಹೌದಲ್ಲ, ಇಷ್ಟೆಲ್ಲ ಇತ್ತು ಅದರಲ್ಲಿ" ಎಂದ.

ಹತ್ತು ವರ್ಷದ ಮೇಲೆ ಇದೇ ಮಾತನ್ನು ಬೇರೊಬ್ಬರ ಬಾಯಲ್ಲಿ ಕೇಳಿದೆ. 1986ರಲ್ಲಿ ನನ್ನ ಮಗಳು ಹುಟ್ಟಿದ ಮೂರನೇ ದಿನ, ಬೆಂಗಳೂರಿನ ಆಸ್ಪತ್ರೆಯಲ್ಲಿ, ರಾತ್ರಿ ಪಾಳಿಯ ನರ್ಸಮ್ಮ ಒಬ್ಬರು ತೊಟ್ಟಿಲ ಹತ್ತಿರ ಹಾದು ಹೋದವರು ತಿರುಗಿ ಬಂದರು. ಜ್ವರ ಇರಲಿಲ್ಲ. ಮಗು ಮಲಗಿತ್ತು. "ಯಾಕೋ ನಿನ್ನೆ ಥರ ಇಲ್ಲ ಪಾಪು" ಎಂದು ಡಾಕ್ಟರನ್ನು ಎಬ್ಬಿಸಲು ಹೋದರು. ರಕ್ತದಲ್ಲಿ ಸೋಂಕು ಶುರುವಾಗಿತ್ತು. ಔಷಧಿ ಆ ರಾತ್ರಿಯೇ ಬಿತ್ತು, ಮಗಳು ಉಳಿದಳು. ಬಿಡುಗಡೆಯಾಗುವ ದಿನ ಅವರ ಕೈ ಹಿಡಿದು ಕೇಳಿದರೆ, ಅವರೂ ಮೊದಲು "ಗೊತ್ತಿಲ್ಲಮ್ಮ, ಹಂಗನ್ನಿಸ್ತು" ಎಂದರು. ಆಮೇಲೆ ಯೋಚಿಸಿ ಹೇಳಿದರು: ಬಣ್ಣ ಒಂಚೂರು ಬೂದಿಯಾಗಿತ್ತು, ಹಾಲು ಎಳೆಯುವಾಗ ನಡುವೆ ಬಿಡುತ್ತಿತ್ತು, ಎತ್ತಿಕೊಂಡರೆ ಮೈ ಸಡಿಲವಾಗಿತ್ತು. ಅಮೆರಿಕದಲ್ಲಿ ಬೆತ್ ಕ್ರ್ಯಾಂಡಲ್ ಎಂಬ ಸಂಶೋಧಕಿ ನವಜಾತ ಶಿಶುಗಳ ವಾರ್ಡಿನ ನರ್ಸ್‌ಗಳನ್ನು ಹೀಗೆಯೇ ಕೂರಿಸಿಕೊಂಡು ಕೆದಕಿ ಕೇಳಿದ್ದಾರೆಂದು ಬಹಳ ಕಾಲದ ಮೇಲೆ ಓದಿದೆ. ಮೊದಲಿಗೆ ಅವರೆಲ್ಲ ಹೇಳಿದ್ದು ಬರಿಯ ಅನ್ನಿಸಿಕೆ ಎಂದೇ. ಕೆದಕಿದಾಗ ಹೊರಬಂದ ಲಕ್ಷಣಗಳಲ್ಲಿ ಕೆಲವು ಆ ಹೊತ್ತಿನ ಪಠ್ಯಪುಸ್ತಕಗಳಲ್ಲೂ ಇರಲಿಲ್ಲ. ಓದುವಾಗ ಆ ನರ್ಸಮ್ಮನ ಬೆರಳು ಕಣ್ಣ ಮುಂದೆ ಬಂತು. ಎಷ್ಟು ಸಾವಿರ ಮಕ್ಕಳನ್ನು ಎತ್ತಿ ಇಳಿಸಿದ ಕೈಯೋ ಅದು. ಸಂಜೆ ಅನ್ನಿಸಿದ್ದು ಸರಿಯೋ ತಪ್ಪೋ ಎಂದು ಬೆಳಗ್ಗೆ ಆ ಮಗುವೇ ಉತ್ತರ ಹೇಳುತ್ತಿತ್ತು.

ಇವೆರಡನ್ನೂ ಹತ್ತಿರದಿಂದ ಕಂಡವಳು ನಾನು. ಹಾಗಾಗಿ ಥಟ್ಟನೆ ಹೊಳೆದದ್ದನ್ನು ನಂಬಬೇಕೆಂದು ಯಾರೂ ನನಗೆ ಕಲಿಸಬೇಕಿರಲಿಲ್ಲ. ತಪ್ಪಿದ್ದು ಅಲ್ಲಿಯೇ.

1981ರಲ್ಲಿ ಬ್ಯಾಂಕ್ ಕೆಲಸ ಸಿಕ್ಕಿತು. ಪುಸ್ತಕವನ್ನು ತಮ್ಮನ ಕೈಗೆ ಕೊಟ್ಟು ಬಂದೆ. ಕ್ಲರ್ಕ್ ಆಗಿ, ಆಫೀಸರ್ ಆಗಿ, 1993ರಲ್ಲಿ ಒಂದು ಹೋಬಳಿ ಕೇಂದ್ರದ ಶಾಖೆಗೆ ಮ್ಯಾನೇಜರ್ ಆದೆ. ಸುತ್ತ ಹಿಪ್ಪುನೇರಳೆ ತೋಟ. ಸಾಲ ಕೇಳಲು ಬರುವವರಲ್ಲಿ ಹೆಚ್ಚಿನವರು ರೇಷ್ಮೆಯವರೇ. ರೀಲರ್ ಮಗಳು ಎಂದು ನನಗೆ ಒಳಗೊಳಗೆ ಹೆಮ್ಮೆ. ಬಾಗಿಲಿನಿಂದ ನನ್ನ ಮೇಜಿನವರೆಗೆ ಹದಿನೈದು ಹೆಜ್ಜೆ. ಅಷ್ಟು ನಡೆದು ಬರುವುದರೊಳಗೆ ಆಸಾಮಿ ಎಂಥವನು, ದುಡ್ಡು ವಾಪಸ್ ಕಟ್ಟುವವನೋ ಅಲ್ಲವೋ ನನಗೆ ತಿಳಿಯುತ್ತದೆ ಎಂದು ನಂಬಿದ್ದೆ. ಫೀಲ್ಡ್ ಆಫೀಸರ್ ವರದಿ ತರುವ ಮೊದಲೇ ಮನಸ್ಸು ಹೂಂ ಅಂದಿರುತ್ತಿತ್ತು, ಇಲ್ಲವೇ ಊಹೂಂ ಅಂದಿರುತ್ತಿತ್ತು. ವರದಿಯನ್ನು ಆ ಹೂಂ-ಊಹೂಂ ಇಟ್ಟುಕೊಂಡೇ ಓದುತ್ತಿದ್ದೆ. ಜಿಲ್ಲೆಯ ಸಭೆಗಳಲ್ಲಿ ಮೇಲಿನವರು ನನ್ನ ಶಾಖೆಯ ವಸೂಲಿಯನ್ನು ಹೊಗಳುತ್ತಿದ್ದರು. ನನ್ನ ಕಣ್ಣೇ ಅದಕ್ಕೆ ಕಾರಣ ಎಂದು ನಾನು ಲೆಕ್ಕ ಹಾಕಿಕೊಂಡೆ.

1995ರ ಬೇಸಿಗೆಯಲ್ಲಿ ಒಬ್ಬ ಹುಡುಗ ಬಂದ. ಇಪ್ಪತ್ತೈದರ ಆಸುಪಾಸು. ಹುಳು ಸಾಕುವ ಮನೆ ಕಟ್ಟಿಕೊಳ್ಳಲು ಸಾಲ ಬೇಕು ಎಂದ. ಕಣ್ಣು ಕೆಂಡದಂತಿದ್ದವು. ಕೂತಲ್ಲೇ ತೂಗುತ್ತಿದ್ದ. ನಾನು ಕೇಳಿದ್ದಕ್ಕೆ ತಡೆದು ತಡೆದು ಉತ್ತರ ಕೊಡುತ್ತಿದ್ದ. ಒಂದು ಪ್ರಶ್ನೆಯನ್ನಂತೂ ಎರಡು ಸಲ ಕೇಳಬೇಕಾಯಿತು. ಬೆಳಗಿನ ಹನ್ನೊಂದು ಗಂಟೆ. ಕುಡಿದಿದ್ದಾನೆ ಎಂದು ತೀರ್ಮಾನಿಸಲು ನನಗೆ ಹದಿನೈದು ಹೆಜ್ಜೆಯೂ ಬೇಕಾಗಲಿಲ್ಲ. ಕಾಗದಪತ್ರ ಸರಿಯಾಗಿಯೇ ಇದ್ದವು. ಜಮೀನು ಅವನ ತಾಯಿಯ ಹೆಸರಿನಲ್ಲಿತ್ತು, ಬಾವಿ ಇತ್ತು, ಒಂದೂಕಾಲು ಎಕರೆ ಸೊಪ್ಪು ಇತ್ತು. ಮುಂದಿನ ಬಜೆಟ್‌ನಲ್ಲಿ ನೋಡೋಣ ಎಂದು ಕಳಿಸಿದೆ. ಆ ಮಾತಿನ ಅರ್ಥ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಅವನು ಎದ್ದು ಕೈಮುಗಿದು ಹೋದ.

ಅದೇ ತಿಂಗಳು ಇನ್ನೊಬ್ಬರಿಗೆ ಸಾಲ ಕೊಟ್ಟೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ತೂಕ. ಎರಡು ಕಂತು ಕಟ್ಟಿದರು. ಆಮೇಲೆ ಮುಖ ತೋರಿಸಲಿಲ್ಲ. ಅದನ್ನು ನಾನು ಹೇಗೆ ಅರ್ಥ ಮಾಡಿಕೊಂಡೆ ಎಂದರೆ, ಮನುಷ್ಯ ಒಳ್ಳೆಯವರೇ, ಕಾಲ ಕೈಕೊಟ್ಟಿತು. ಚೀನಾ ರೇಷ್ಮೆ ಬಂದು ದರ ಬಿದ್ದಿತ್ತಲ್ಲ. ಅಪ್ಪನಾಗಿದ್ದರೆ ಬ್ಲೇಡು ತೆಗೆದುಕೊಂಡು ಗೂಡು ಸೀಳಿ ನೋಡುತ್ತಿದ್ದ. ನಾನು ಕೈಯಲ್ಲಿದ್ದ ಗೂಡನ್ನು ಬಿಟ್ಟು ಮಳೆಗೆ ಬೈದೆ.

ಇಷ್ಟರಲ್ಲಿ ಅಪ್ಪನ ಕೈಗೂ ಒಂದು ಕಷ್ಟ ಬಂತು. ಹಿಂದೊಮ್ಮೆ ಬಂದಿತ್ತು. 1980ರಲ್ಲಿ ಊಜಿ ನೊಣ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದಾಗ, ಮಾರುಕಟ್ಟೆಯಲ್ಲಿ ಇಡಿಯಾಗಿದ್ದ ಗೂಡು ಮನೆಗೆ ತಂದಿಟ್ಟ ರಾತ್ರಿಯೇ ತೂತು ಬೀಳತೊಡಗಿತ್ತು. ಒಳಗಿದ್ದ ನೊಣದ ಹುಳು ಕೊರೆದುಕೊಂಡು ಹೊರಗೆ ಬರುತ್ತಿತ್ತು. ಆ ವರ್ಷದ ಪುಟಗಳಲ್ಲಿ ಅಂದಾಜೂ ನಿಜವೂ ಹೊಂದುವುದೇ ಇಲ್ಲ. ಈ ಸಲ ಬಂದದ್ದು ಒಳ್ಳೆಯದೇ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಹೊಸ ಬೈವೋಲ್ಟೀನ್ ತಳಿಗಳು 1990ರ ದಶಕದ ಕೊನೆಗೆ ರೈತರ ಮನೆ ತಲುಪಿದವು. ಬಿಳಿ ಗೂಡು, ಗಟ್ಟಿ ಸಿಪ್ಪೆ, ಸಾವಿರ ಮೀಟರಿನಷ್ಟು ಎಳೆ. ಮೂವತ್ತು ವರ್ಷ ಹಳದಿ ಮಿಶ್ರತಳಿಯನ್ನೇ ಮುಟ್ಟಿದ ಅಪ್ಪನ ಕೈಗೆ ಅದು ಬೇರೆಯೇ ಭಾಷೆ. 1999ರ ದಸರಾ ರಜೆಗೆ ಹೋದಾಗ ತಮ್ಮ ಪುಸ್ತಕ ತೋರಿಸಿದ. ನಾನೆಳೆದ ಕಾಲಂ ಇನ್ನೂ ನಡೆಯುತ್ತಿತ್ತು. ಅಪ್ಪ ಆರು ಅಂದ ಕಡೆ ಏಳೂವರೆ, ಆರೂವರೆ ಅಂದ ಕಡೆ ಎಂಟು. ಸಾಲಾಗಿ ಒಂಬತ್ತು ರಾಶಿ ಹಾಗೆಯೇ.

ಅಪ್ಪನಿಗೆ ಆಗ ಎಪ್ಪತ್ತೊಂದು. ಆ ವಯಸ್ಸಿನ, ಮಾರುಕಟ್ಟೆಯಲ್ಲಿ ಹೆಸರಿದ್ದ ಮನುಷ್ಯ ಗೂಡಿನ ಮೇಲೆ ತಪ್ಪು ಹಾಕಬಹುದಿತ್ತು, ತಳಿಯ ಮೇಲೆ ಹಾಕಬಹುದಿತ್ತು. ಪುಸ್ತಕ ನೋಡಿದವನು ಮಾರನೇ ದಿನದಿಂದ ದೊಡ್ಡ ರಾಶಿ ಕೂಗುವುದನ್ನೇ ನಿಲ್ಲಿಸಿದ. ಐದು ಕೆ.ಜಿ., ಹತ್ತು ಕೆ.ಜಿ. ಬಿಳಿ ಗೂಡು ತಂದು, ತಾನೇ ಬೇಸಿನ್ ಮುಂದೆ ಕೂತು ಬಿಚ್ಚಿಸುತ್ತಿದ್ದ. ನೀರಿನ ಬಿಸಿ ಬದಲಿಸಿ ನೋಡುತ್ತಿದ್ದ. "ಕೈ ಮತ್ತೆ ಒಂದನೇ ಕ್ಲಾಸಿಗೆ ಸೇರ್ಕೊಂಡದೆ ಕಣವ್ವ" ಎಂದ. ಪಾಸಾಗಲು ಒಂದೂವರೆ ವರ್ಷ ಹಿಡಿಯಿತು.

ಇದನ್ನೆಲ್ಲ ನೋಡಿಯೂ ನನ್ನ ಮೇಜಿನ ಬಗ್ಗೆ ನನಗೆ ಯಾವ ಅನುಮಾನವೂ ಬರಲಿಲ್ಲ. ಅಪ್ಪನದು ಗೂಡಿನ ವಿಷಯ, ನನ್ನದು ಮನುಷ್ಯರ ವಿಷಯ ಎಂದುಕೊಂಡಿದ್ದೆ.

2005ರಲ್ಲಿ ರಾಮನಗರದ ಮಾರುಕಟ್ಟೆಯ ಹೊರಗೆ, ಎಳನೀರಿನ ಅಂಗಡಿಯ ಮುಂದೆ, ಒಬ್ಬರು ಬಂದು ಕೈಮುಗಿದರು. "ಮೇಡಂ, ನನ್ನ ಗುರ್ತು ಸಿಗ್ಲಿಲ್ವಾ?" ಸಿಗಲಿಲ್ಲ. ಊರಿನ ಹೆಸರು ಹೇಳಿದರು, ವರ್ಷ ಹೇಳಿದರು, ಹುಳು ಮನೆ ಸಾಲ ಎಂದರು. ಆಗ ಆ ಕೆಂಪು ಕಣ್ಣು ನೆನಪಿಗೆ ಬಂತು. ಈಗ ಅವರು ಬೈವೋಲ್ಟೀನ್ ಬೆಳೆಯುವವರು. ಆ ದಿನ ಅವರ ಗೂಡಿಗೆ ಒಳ್ಳೆಯ ದರ ಬಿದ್ದಿತ್ತು. ನನಗೆ ಎಳನೀರು ಕೊಡಿಸಿದರು. ನಾನು ಬೇಡವೆಂದರೂ ಬಿಡಲಿಲ್ಲ.

ಕುಡಿಯುತ್ತಿರುವಾಗ ಕೇಳಿದರು: "ಒಂದು ಮಾತು ಕೇಳ್ಬೇಕು ಅಂತಿದ್ದೆ ಮೇಡಂ, ತಪ್ಪು ತಿಳ್ಕೋಬ್ಯಾಡಿ. ಆವತ್ತು ಯಾಕೆ ಕೊಡ್ಲಿಲ್ಲ?"

ಗಂಟಲಲ್ಲಿ ಎಳನೀರು ನಿಂತಿತು. ಸುಳ್ಳು ಹೇಳಲು ಆಗಲಿಲ್ಲ. ನೀವು ಕುಡಿದು ಬಂದಿದ್ದೀರಿ ಅಂದುಕೊಂಡೆ ಎಂದೆ. ಅವರಿಗೆ ಸಿಟ್ಟು ಬರುತ್ತದೆಂದು ಕಾದೆ. ಅವರು ಯೋಚನೆ ಮಾಡಿದರು, ನೆನಪು ಮಾಡಿಕೊಂಡರು.

"ಹುಳ ನಾಕನೇ ಜ್ವರ ಎದ್ದು ಐದು ದಿನ ಆಗಿತ್ತು ಮೇಡಂ. ಸೊಪ್ಪು ಹಾಕೋಕೆ ನಾನು, ಅವ್ವ ಇಬ್ರೇ. ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ."

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಸಾಕುವವರು ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ, ಗೂಡಿಗೆ ಹತ್ತುವವರೆಗಿನ ಆ ಒಂದು ವಾರದಲ್ಲಿ, ಜನ್ಮಕ್ಕೆ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ತಿಂದುಬಿಡುತ್ತದೆ. ಹಗಲು ರಾತ್ರಿ ಮನೆಯ ತುಂಬ ಮಳೆ ಸುರಿದಂಥ ಸದ್ದು ಇರುತ್ತದೆಂದು ಕೇಳಿದ್ದೆ. ಕೊಯ್ದು ತರಬೇಕು, ಹಾಕಬೇಕು, ಹಿಕ್ಕೆ ತೆಗೆಯಬೇಕು, ಮತ್ತೆ ಕೊಯ್ಯಬೇಕು. ಅಂಥ ವಾರದ ನಡುವೆ ಅವರು ಎರಡು ಗಂಟೆ ಬಿಡುವು ಮಾಡಿಕೊಂಡು ಬ್ಯಾಂಕಿಗೆ ಬಂದಿದ್ದರು. ನಾನು ರೇಷ್ಮೆ ಮನೆಯವಳು, ನಿಜ. ಆದರೆ ರೀಲರ್ ಮನೆಯವಳು. ನಮ್ಮ ಮನೆಗೆ ಬರುತ್ತಿದ್ದದ್ದು ಗೂಡು. ಗೂಡಿನ ಹಿಂದಿನ ಆ ರಾತ್ರಿಗಳನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ನಿದ್ದೆಗೆಟ್ಟ ಕಣ್ಣಿಗೂ ಕುಡಿದ ಕಣ್ಣಿಗೂ ಇರುವ ವ್ಯತ್ಯಾಸ ತಿಳಿಯುವಷ್ಟು ನನ್ನ ಕಣ್ಣು ಕಲಿತಿರಲಿಲ್ಲ.

ಸಾಲ ಸಿಗದಿದ್ದಕ್ಕೆ ಅವರು ಊರಿನ ಒಬ್ಬರ ಹತ್ತಿರ ತಿಂಗಳಿಗೆ ನೂರಕ್ಕೆ ಮೂರರಂತೆ ಕೈಸಾಲ ಮಾಡಿದ್ದರು. ತೀರಿಸಲು ಆರು ವರ್ಷ. ಆ ಆರು ವರ್ಷದಲ್ಲಿ ತಂಗಿಯ ಮದುವೆ ಎರಡು ಸಲ ಮುಂದೆ ಹೋಗಿತ್ತು. ದೂರುವ ದನಿಯಲ್ಲಿ ಹೇಳಲಿಲ್ಲ. ನಾನು ಕೇಳಿದ್ದಕ್ಕೆ ಹೇಳಿದರು.

ಆ ರಾತ್ರಿ ಅಪ್ಪನ ಮನೆಯಲ್ಲೇ ಉಳಿದಿದ್ದೆ. ನಿದ್ದೆ ಹತ್ತದೆ ಎದ್ದು, ಟ್ರಂಕಿನಿಂದ ಹಳೆಯ ಲೆಕ್ಕದ ಪುಸ್ತಕಗಳನ್ನು ತೆಗೆದೆ. ನನ್ನದೇ ಗುಂಡು ಅಕ್ಷರ. ಅಂದಾಜು, ಪಕ್ಕದಲ್ಲಿ ನಿಜ. ಹನ್ನೊಂದು ವರ್ಷ ನಾನೇ ಬರೆದ ಎರಡು ಕಾಲಂ. ಅಪ್ಪನ ಕೈ ಹುಟ್ಟಿನಿಂದ ಬಂದದ್ದಲ್ಲ. ಪ್ರತಿ ಮೂರು ದಿನಕ್ಕೊಮ್ಮೆ ಬೇಸಿನ್ ಅದನ್ನು ತಿದ್ದಿ ತಿದ್ದಿ ಮಾಡಿದ ಕೈ. ನನ್ನ ಕಣ್ಣನ್ನು ಯಾರು ತಿದ್ದಿದ್ದರು? ಸಾಲ ಕೊಟ್ಟವರಲ್ಲಿ ಕಟ್ಟಿದವರನ್ನು ನನ್ನ ಜಾಣತನಕ್ಕೆ ಸೇರಿಸಿದೆ, ಕಟ್ಟದವರನ್ನು ಕಾಲದ ಲೆಕ್ಕಕ್ಕೆ ಬರೆದೆ. ಕೊಡದೆ ಕಳಿಸಿದವರು ಮತ್ತೆ ನನ್ನ ಬಾಗಿಲಿಗೆ ಬರಲೇ ಇಲ್ಲ. ಕೊಟ್ಟಿದ್ದರೆ ಅವರು ಏನಾಗುತ್ತಿದ್ದರು ಎಂಬ ಕಾಲಂ ಹನ್ನೆರಡು ವರ್ಷವೂ ಖಾಲಿ. ಖಾಲಿ ಇದ್ದದ್ದನ್ನೇ ತಪ್ಪಿಲ್ಲ ಎಂದು ಓದಿಕೊಂಡಿದ್ದೆ.

ಬೆಳಗ್ಗೆ ನೂರು ಪುಟದ ನೋಟ್‌ಬುಕ್ ಕೊಂಡೆ. ಆಗ ನಾನಿದ್ದ ಶಾಖೆಯಲ್ಲಿ ಅದು ಕೆಲಸದ ಪುಸ್ತಕವಾಯಿತು. ಬಂದವರ ಮುಖ ನೋಡಿ ಏನನ್ನಿಸಿತೋ ಅದನ್ನು ಮೊದಲು ಬರೆಯುತ್ತಿರಲಿಲ್ಲ. ಎಷ್ಟು ಸೊಪ್ಪಿದೆ, ಕರೆಂಟ್ ಎಷ್ಟು ಹೊತ್ತು ಇರುತ್ತದೆ, ನೀರು ಬೇಸಿಗೆಯಲ್ಲಿ ಎಲ್ಲಿಗಿಳಿಯುತ್ತದೆ, ಸೊಪ್ಪು ಕೊಯ್ಯುವವರು ಯಾರು, ಹಿಂದಿನ ಬೆಳೆಗಳಲ್ಲಿ ನೂರು ಮೊಟ್ಟೆಗೆ ಎಷ್ಟು ಕೆ.ಜಿ. ಗೂಡಾಯಿತು, ಬೇರೆ ಸಾಲ ಎಷ್ಟು. ಇದಿಷ್ಟನ್ನೂ ಒಂದೊಂದಾಗಿ ಕೇಳಿ, ಒಂದೊಂದಕ್ಕೂ ಅಂಕ ಕೊಟ್ಟು, ಪೆನ್ನು ಕೆಳಗಿಟ್ಟು, ಕಣ್ಣು ಮುಚ್ಚುತ್ತಿದ್ದೆ. ಆಗ ಒಳಗೆ ಏನು ಹೊಳೆಯಿತೋ ಅದಕ್ಕೂ ಒಂದು ಅಂಕ. ಕೊನೆಯ ಪುಟಗಳಲ್ಲಿ ಕೊಡದೆ ಕಳಿಸಿದವರ ಹೆಸರು. ವರ್ಷಕ್ಕೊಮ್ಮೆ ಆ ಊರುಗಳ ಕಡೆ ಹೋದಾಗ ಅವರ ಮನೆ ಹುಡುಕಿಕೊಂಡು ಹೋಗುತ್ತಿದ್ದೆ. ಮೊದಮೊದಲು ಗಾಬರಿಯಾಗುತ್ತಿದ್ದರು. ಆ ಭೇಟಿಗಳು ಸುಲಭವಾಗಿರಲಿಲ್ಲ. ನಾನು ಬೇಡವೆಂದ ಹಲವರು ಚೆನ್ನಾಗಿ ಬದುಕು ಕಟ್ಟಿಕೊಂಡಿದ್ದರು. ಅಂಥ ಮನೆಗಳಲ್ಲಿ ಕಾಫಿ ಲೋಟ ಹಿಡಿದು ಕೂತು ನಾನು ಕಲಿತದ್ದೇ ಹೆಚ್ಚು.

ಡೇನಿಯಲ್ ಕಾನಮನ್ ಬರೆದ ದಪ್ಪ ಪುಸ್ತಕವನ್ನು ಮಗಳು ತಂದುಕೊಟ್ಟದ್ದು 2012ರಲ್ಲಿ. ಅದರಲ್ಲಿ ಅವರು ತಮ್ಮ ಇಪ್ಪತ್ತೊಂದನೇ ವಯಸ್ಸಿನ ಒಂದು ಅನುಭವ ಹೇಳುತ್ತಾರೆ. 1955ರ ಸುಮಾರಿಗೆ ಇಸ್ರೇಲ್ ಸೈನ್ಯದಲ್ಲಿ ಹೊಸಬರನ್ನು ಸಂದರ್ಶನ ಮಾಡುವ ಕ್ರಮವನ್ನು ಅವರು ಬದಲಿಸಬೇಕಿತ್ತು. ಅಲ್ಲಿಯವರೆಗೆ ಸಂದರ್ಶಕರು ಒಟ್ಟಾರೆ ಅನ್ನಿಸಿದ್ದನ್ನು ಬರೆಯುತ್ತಿದ್ದರು, ಅದರಿಂದ ಮುಂದಿನದು ಏನೂ ತಿಳಿಯುತ್ತಿರಲಿಲ್ಲ. ಕಾನಮನ್ ಆರು ಗುಣಗಳನ್ನು ಬೇರೆ ಬೇರೆಯಾಗಿ ವಿಚಾರಿಸಿ ಬೇರೆ ಬೇರೆ ಅಂಕ ಕೊಡಲು ಹೇಳಿದರು. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದು ಸಂದರ್ಶಕರು ರೇಗಿದರು. ಅವರ ಸಮಾಧಾನಕ್ಕೆಂದು ಕೊನೆಯಲ್ಲಿ ಒಂದು ಸೇರಿಸಿದರು: ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿ, ಆ ಹುಡುಗನನ್ನು ಸೈನಿಕನಾಗಿ ಕಲ್ಪಿಸಿಕೊಂಡು ಒಂದು ಅಂಕ ಕೊಡಿ. ಆಮೇಲೆ ನೋಡಿದರೆ ಆರು ಅಂಕಗಳ ಮೊತ್ತದಷ್ಟೇ ಆ ಕಣ್ಣು ಮುಚ್ಚಿ ಕೊಟ್ಟ ಅಂಕವೂ ನಿಜ ಹೇಳಿತ್ತು. ಆ ಪುಟವನ್ನು ಓದಿದಾಗ ನನಗೆ ಕಂಡದ್ದು ಗೂಡಿನ ರಾಶಿಯಲ್ಲಿ ಕೈ ಇಳಿಸಿ ಕಣ್ಣು ಮುಚ್ಚಿದ ಅಪ್ಪ.

ಥಟ್ಟನೆ ಹೊಳೆಯುವುದನ್ನು ಅನುಮಾನಿಸಿದ ಕಾನಮನ್, ಅದನ್ನೇ ಮೆಚ್ಚಿ ಅಗ್ನಿಶಾಮಕ ದಳದವರ ನಡುವೆ ಅಧ್ಯಯನ ಮಾಡಿದ ಗ್ಯಾರಿ ಕ್ಲೈನ್, ಇಬ್ಬರೂ ವರ್ಷಗಟ್ಟಲೆ ವಾದಿಸಿ 2009ರಲ್ಲಿ ಒಟ್ಟಿಗೆ ಒಂದು ಪ್ರಬಂಧ ಬರೆದಿದ್ದಾರೆ. ಮುರಿದು ಬೀಳಬಹುದಿದ್ದ ಜಗಳ ಒಂದು ಒಪ್ಪಂದವಾಯಿತು. ಮನಸ್ಸಿಗೆ ಎಷ್ಟು ಗಟ್ಟಿಯಾಗಿ ಅನ್ನಿಸಿತು ಎನ್ನುವುದರಿಂದ ಏನೂ ಗೊತ್ತಾಗದು. ಆ ಕೆಲಸದಲ್ಲಿ ಒಂದು ಕ್ರಮ ಇದೆಯೇ, ತಪ್ಪು ಒಪ್ಪು ಬೇಗ ತಿಳಿದು ಕಲಿಯಲು ಅವಕಾಶ ಇತ್ತೇ ಎಂಬುದನ್ನು ನೋಡಬೇಕು ಎಂದು ಇಬ್ಬರೂ ಹೇಳುತ್ತಾರೆ. ಆ ಎರಡನ್ನೂ ನಮ್ಮ ಕೊಟ್ಟಿಗೆಯಲ್ಲಿ ನಾನು ನೋಡಿದ್ದೆ. ಆ ಹುಡುಗನಿಗೆ ಕೆಂಪು ಕಣ್ಣೆಂದು ಬಾಗಿಲು ಮುಚ್ಚುವಾಗ ನನಗೂ ಗಟ್ಟಿಯಾಗಿಯೇ ಅನ್ನಿಸಿತ್ತು, ಅಪ್ಪನಿಗೆ ಆಷಾಢದ ರಾಶಿಯ ಮುಂದೆ ಅನ್ನಿಸಿದಷ್ಟೇ ಗಟ್ಟಿಯಾಗಿ. ಒಳಗಿನಿಂದ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಇದು ನನ್ನನ್ನು ಇವತ್ತಿಗೂ ಹೆದರಿಸುತ್ತದೆ.

ಎಳನೀರು ಕುಡಿಸಿದ ಆ ರೈತರು ಮತ್ತೆ ಸಿಕ್ಕಿದ್ದು 2006ರ ಕಾರ್ತಿಕದಲ್ಲಿ. ಅಪ್ಪ ಆಗ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಬೇಸಿನ್‌ಗಳನ್ನು ಮಾರಿಯಾಗಿತ್ತು. ಕಣ್ಣು ಮಂಜಾಗಿತ್ತು. ಅಪ್ಪನ ವಿಷಯ ಹೇಳಿದ್ದಕ್ಕೆ, ಹರಾಜಾದ ತಮ್ಮ ರಾಶಿಯಿಂದ ಕೊಂಡವರನ್ನು ಕೇಳಿ ಒಂದು ಹಿಡಿ ಬಿಳಿ ಗೂಡು ಟವೆಲ್‌ನಲ್ಲಿ ಕಟ್ಟಿಕೊಂಡು ಮನೆಗೇ ಬಂದರು. ಮಂಚದ ಪಕ್ಕ ಕೂತು ಅಪ್ಪನ ಅಂಗೈಯಲ್ಲಿ ಸುರಿದರು. ಅಪ್ಪ ಯಾರು ಏನು ಎಂದು ಕೇಳಲಿಲ್ಲ. ಬೆರಳುಗಳು ತಾವಾಗಿ ಅದುಮಿದವು. ಒಂದನ್ನು ಕಿವಿಯ ಹತ್ತಿರ ಒಯ್ದು ಅಲ್ಲಾಡಿಸಿದ. ಕೈ ನಡುಗುತ್ತಿದ್ದರಿಂದ ಇನ್ನೊಂದು ಸಲ ಅಲ್ಲಾಡಿಸಿದ.

"ಏಳು" ಎಂದ. ತಡೆದು, "ಇಲ್ಲ, ಆರೂಮುಕ್ಕಾಲು."

ನಾವಿಬ್ಬರೂ ಸುಮ್ಮನೆ ಕೂತಿದ್ದೆವು. ಅಪ್ಪ ನನ್ನ ಕಡೆ ಮುಖ ತಿರುಗಿಸಿದ.

"ಬರ್ಕೊಂಡ್ಯಾ?"

ಬ್ಯಾಗಿನಲ್ಲಿದ್ದ ನನ್ನ ನೋಟ್‌ಬುಕ್ ತೆಗೆದು, ಹೊಸ ಪುಟದಲ್ಲಿ ಎರಡು ಗೆರೆ ಎಳೆದು, ತಾರೀಕು ಹಾಕಿ ಆರೂಮುಕ್ಕಾಲು ಎಂದು ಬರೆದೆ. ಗೂಡು ಕೊಂಡವರ ಹತ್ತಿರ ಕೇಳಿ ಮೂರು ದಿನದಲ್ಲಿ ಫೋನ್ ಮಾಡುತ್ತೇನೆಂದು ಆ ರೈತರು ಎದ್ದರು. ಪಕ್ಕದ ಕಾಲಂ ಬಿಟ್ಟುಕೊಂಡು ಪುಸ್ತಕವನ್ನು ತೆರೆದೇ ಮಂಚದ ಮೇಲೆ ಇಟ್ಟೆ.